ನನ್ನ ಸೈಕಲ್ಲಿಗೆ ಬಿದ್ದ ಓಟು

ನನಗೆ ಮೊದಲು ಟೀಚರ್ ಕೆಲಸ ಸಿಕ್ಕಿದ್ದು ಅಂಬಾಜಿದುರ್ಗದ ಬುಡದಲ್ಲಿದ್ದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಚಿಂತಾಮಣಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಹೋಗಿಬರುತ್ತಿದ್ದೆ. ಮೊದಲನೇ ಬಸ್ಸು ಹಿಡಿದರೆ ಸ್ಕೂಲಿನ ಬೀಗ ತೆಗೆಯುವವರೆಗೂ ಹುಣಸೆಮರದ ಕೆಳಗೆ ಕೂತಿರಬೇಕು, ಎರಡನೇದಕ್ಕೆ ಹೋದರೆ ಮಕ್ಕಳು ಊಟಕ್ಕೆ ಎದ್ದುಹೋಗಿರುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಪಕ್ಕದ ನರ್ಸಮ್ಮ ವರ್ಗವಾಗಿ ಹೋಗುವಾಗ ತಮ್ಮ ಹೆಂಗಸರ ಸೈಕಲ್ಲು ಮಾರಿದರು. ಅದನ್ನು ಕೊಂಡೆ. ಅವರ ಹತ್ತಿರವೇ ತುಳಿಯೋದು ಕಲಿತಿದ್ದೆ.

ನಮ್ಮ ಹೆಡ್ ಮೇಷ್ಟ್ರು ಗೌರಿಬಿದನೂರಿನ ಕಡೆಯವರು. ಖಾದಿ ಟೋಪಿ, ಮೃದುವಾದ ಮಾತು. ಒಬ್ಬ ಹುಡುಗನಿಗೂ ಏಟು ಕೊಟ್ಟವರಲ್ಲ. ದೇಶಕ್ಕೆ ಪ್ರಜಾಪ್ರಭುತ್ವ ಬಂದಮೇಲೆ ಸ್ಕೂಲಿಗೂ ಬರಬೇಕು ಅನ್ನೋದು ಅವರ ನಂಬಿಕೆ. ಹಾಗಾಗಿ ಶನಿವಾರ ಮಕ್ಕಳು ಹೋದಮೇಲೆ ನಾವು ಐದು ಜನ ಸಭೆ ಸೇರುತ್ತಿದ್ದೆವು: ಹೆಡ್ ಮೇಷ್ಟ್ರು, ಲೆಕ್ಕದ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಕನ್ನಡ ಪಂಡಿತರು, ನಾನು. ದಾಸವಾಳದ ಗಿಡ ಎಲ್ಲಿ ನೆಡಬೇಕು, ನೀರಿನ ಹಂಡೆ ಯಾವ ಮೂಲೆಗಿಡಬೇಕು, ಎಲ್ಲಕ್ಕೂ ಕೈ ಎತ್ತಬೇಕು. ಇದು ನನಗೂ ಇಷ್ಟವಾಗಿತ್ತು. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿದವರಲ್ಲ.

ಸೈಕಲ್ಲು ಬಂದ ವಾರ ಹಳ್ಳಿಯ ಅಂಗಡಿ ಜಗಲಿ ಮೇಲೆ ಕೂತವರೊಬ್ಬರು "ಏಮ್ಮಾ ಟೀಚರಮ್ಮಾ, ಇದ್ಯಾವ ಕುದುರೆ?" ಅಂತ ನಗುತ್ತಾ ಕೇಳಿದರು. ನಾನೂ ನಕ್ಕೆ. ಆದರೆ ಆ ಮಾತು ಹೆಡ್ ಮೇಷ್ಟ್ರ ಕಿವಿಗೆ ಬೀಳುವ ಹೊತ್ತಿಗೆ ಊರಿನ ಅಭಿಪ್ರಾಯ ಆಗಿತ್ತು. ಶನಿವಾರ ದಾಸವಾಳದ ವಿಷಯ ಮುಗಿದಮೇಲೆ ಅವರು ಗಂಟಲು ಸರಿಮಾಡಿಕೊಂಡು, "ಟೀಚರಮ್ಮ ಸೈಕಲ್ ಮೇಲೆ ಬರೋದು ಬೇಡ ಅನ್ನೋರು ಕೈ ಎತ್ತಿ" ಅಂದರು.

ನಾಲ್ಕು ಕೈ ಮೇಲೆದ್ದವು.

"ಬೇಕು ಅನ್ನೋರು?"

ನಾನು ಎತ್ತಿದೆ. ಅವರು ನನ್ನ ಕೈಯನ್ನೂ ಅಷ್ಟೇ ಗೌರವದಿಂದ ನೋಡಿ ತಲೆಯಾಡಿಸಿದರು.

"ಸಾರ್, ಸೈಕಲ್ ನನ್ನದು, ತುಳಿಯೋ ಕಾಲೂ ನನ್ನದೇ. ಇದಕ್ಕೆ ಬೇರೆಯವರ ಓಟು ಯಾಕೆ?" ಅಂತ ಕೇಳಿದೆ.

"ನಿಮಗೂ ಒಂದು ಓಟು ಕೊಟ್ಟಿದ್ದೀವಲ್ಲಮ್ಮ" ಅಂದರು ಅವರು, ನಿಜವಾಗಿಯೂ ಬೇಸರಪಟ್ಟುಕೊಂಡು. "ಹಿಂದಿನ ಕಾಲ ಆಗಿದ್ರೆ ನಿಮ್ಮನ್ನ ಕೇಳ್ತಾನೇ ಇರ್ಲಿಲ್ಲ. ಬಹುಮತ ಅಂದಮೇಲೆ ತಲೆ ಬಾಗಬೇಕು."

ಮನೆಗೆ ಬಂದು ಹೇಳಿದರೆ ಅತ್ತೆ ರಾಗಿಹಿಟ್ಟು ಜರಡಿ ಹಿಡಿಯುತ್ತಾ, "ಹಿಂದೆ ನಮ್ಮ ಮಾವನೋರು ಒಬ್ರೇ ಬೇಡ ಅಂತಿದ್ರು ಕಣೇ. ಈಗ ನಾಲ್ಕು ಜನ ಸೇರಿ ಅಂತಾರೆ. ಏನೇ ಆಗ್ಲಿ, ದೇಶ ಮುಂದುವರಿದಿದೆ" ಅಂದರು.

ನಡೆದುಕೊಂಡು ಹೋಗತೊಡಗಿದೆ. ಬಿಸಿಲಿಗಿಂತ ಹೆಚ್ಚು ಸುಟ್ಟಿದ್ದು ಅವರ್‍ಯಾರೂ ಕೆಟ್ಟವರಲ್ಲ ಅನ್ನೋದು. ದಾರಿಯಲ್ಲಿ ಸೈಕಲ್ ಮೇಲೆ ನನ್ನನ್ನು ದಾಟಿಹೋಗುತ್ತಿದ್ದ ಡ್ರಿಲ್ ಮೇಷ್ಟ್ರು ತಪ್ಪದೆ ಇಳಿದು ನಮಸ್ಕಾರ ಹೇಳಿ ಮತ್ತೆ ಹತ್ತುತ್ತಿದ್ದರು.

ಈ ಓಟಿನ ರುಚಿ ಹತ್ತಿದ್ದು ಆ ಡ್ರಿಲ್ ಮೇಷ್ಟ್ರಿಗೇ. ಮುಂದೊಂದು ಶನಿವಾರ ಅವರು ಪಂಡಿತರ ಜುಟ್ಟಿನ ವಿಷಯ ಎತ್ತಿದರು. ಪಂಡಿತರು ಬೋರ್ಡಿನ ಕಡೆ ತಿರುಗಿದಾಗ ಹುಡುಗರು ನಗುತ್ತಾರೆ, ಶಿಸ್ತು ಹಾಳಾಗುತ್ತೆ, ಅದನ್ನು ತೆಗೆಸಬೇಕು ಅಂತ. ಪಂಡಿತರು ಮೊದಲು ತಮಾಷೆ ಅಂದುಕೊಂಡರು. ಹೆಡ್ ಮೇಷ್ಟ್ರು "ತೆಗೆಸಬೇಕು ಅನ್ನೋರು?" ಅಂದಾಗ ಅವರ ಮುಖ ಬಿಳುಚಿಕೊಂಡಿತು. ಹೆಡ್ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಲೆಕ್ಕದ ಮೇಷ್ಟ್ರು ಕೈ ಎತ್ತಿದರು. ಬೇಡ ಅಂತ ಪಂಡಿತರು ಎತ್ತಿದರು. ನಾನೂ ಎತ್ತಿದೆ. ಪಂಡಿತರು ನನ್ನ ಕೈಯನ್ನೇ ನೋಡುತ್ತಾ ಕೂತರು.

"ಸ್ವಾಮಿ, ಇದು ನನ್ನ ತಲೆ" ಅಂದರು ಕೊನೆಗೆ.

"ನಿಮಗೂ ಒಂದು ಓಟಿತ್ತಲ್ಲ ಪಂಡಿತರೇ" ಅಂದರು ಹೆಡ್ ಮೇಷ್ಟ್ರು.

ಸೋಮವಾರ ಪಂಡಿತರು ದೊಡ್ಡದೊಂದು ಪೇಟ ಸುತ್ತಿಕೊಂಡು ಬಂದರು. ಒಳಗೆ ಜುಟ್ಟಿದೆಯೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಪೇಟ ಬಿಚ್ಚಿಸಿ ನೋಡುವಷ್ಟು ಧೈರ್ಯ ಬಹುಮತಕ್ಕೂ ಇರಲಿಲ್ಲ. ಹುಡುಗರು ಈಗ ಪೇಟ ನೋಡಿ ನಗುತ್ತಿದ್ದರು.

ಅವತ್ತು ಮಧ್ಯಾಹ್ನ ಪಂಡಿತರು ನನ್ನ ಹತ್ತಿರ ಬಂದು ನಿಂತರು. "ಅವತ್ತು ನನ್ನ ಸೈಕಲ್ಲಿಗೆ ಯಾಕೆ ಬೇಡ ಅಂದ್ರಿ?" ಅಂತ ಕೇಳಿಯೇಬಿಟ್ಟೆ. ಅವರು ಸ್ವಲ್ಪ ಯೋಚಿಸಿ, "ಎಲ್ಲಾರೂ ಎತ್ತಿದ್ರಲ್ಲಮ್ಮ. ನಾನೊಬ್ನೇ ಸುಮ್ನೆ ಕೂತಿದ್ರೆ ಚೆನ್ನಾಗಿರಲ್ಲ ಅಂತ" ಅಂದರು. ಸೈಕಲ್ಲಿನ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲವಂತೆ.

ಇಷ್ಟರಲ್ಲಿ ಲೆಕ್ಕದ ಮೇಷ್ಟ್ರಿಗೆ ದಿಗಿಲು ಹತ್ತಿತ್ತು. ಅವರು ವಾರಕ್ಕೊಮ್ಮೆ ಚಿಂತಾಮಣಿಯ ಟೆಂಟಿನಲ್ಲಿ ತೆಲುಗು ಸಿನಿಮಾ ನೋಡುತ್ತಿದ್ದರು. ಮೇಷ್ಟ್ರಾದವರಿಗೆ ಅದು ಶೋಭೆಯಲ್ಲ ಅಂತ ಡ್ರಿಲ್ ಮೇಷ್ಟ್ರು ಅಲ್ಲಿ ಇಲ್ಲಿ ಹೇಳುತ್ತಿದ್ದಾರೆ ಅನ್ನೋ ಸುದ್ದಿ ಬಂದಿತ್ತು. ಒಂದು ಸಾಯಂಕಾಲ ನನ್ನ ಜೊತೆ ನಡೆದುಕೊಂಡು ಬರುತ್ತಾ, "ನಾವು ಮೂರು ಜನ ಆದ್ವಲ್ಲ ಟೀಚರಮ್ಮ" ಅಂದರು. ಪಂಡಿತರಂತೂ ಆಗಲೇ ಯೋಜನೆ ಹಾಕಿದ್ದರು. ಶನಿವಾರ ಡ್ರಿಲ್ ಮೇಷ್ಟ್ರ ಮೀಸೆ ತೆಗೆಸಬೇಕು, ಮುಂದಿನ ವಾರ ಹೆಡ್ ಮೇಷ್ಟ್ರ ಟೋಪಿ.

ಸುಳ್ಳು ಯಾಕೆ ಹೇಳಲಿ, ಮೀಸೆಯಿಲ್ಲದ ಡ್ರಿಲ್ ಮೇಷ್ಟ್ರನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ತುಂಬಾ ಖುಷಿಪಟ್ಟೆ. ಆದರೆ ಮೀಸೆ ಹೋದಮೇಲೆ ನಮ್ಮ ಮೂವರಲ್ಲಿ ಒಬ್ಬರು ಆ ಕಡೆ ಸರಿದರೆ? ಶನಿವಾರ ಎದ್ದು ನಿಂತು ಹೇಳಿದೆ: "ಒಬ್ಬೊಬ್ಬರ ತಲೆ, ಕಾಲು, ಊಟ, ಬಟ್ಟೆ, ಸಿನಿಮಾ ಇವನ್ನೆಲ್ಲ ಇನ್ನು ಮೇಲೆ ಓಟಿಗೆ ಹಾಕಬಾರದು, ಹಿಂದೆ ಹಾಕಿದ್ದೂ ರದ್ದಾಗಬೇಕು. ಹಂಡೆ, ದಾಸವಾಳ ಎಷ್ಟು ಬೇಕಾದರೂ ಹಾಕಬಹುದು."

ಪಂಡಿತರು ನನ್ನ ಕಡೆ ಬಗ್ಗಿ, "ಮೀಸೆ?" ಅಂತ ಪಿಸುಗುಟ್ಟಿದರು.

"ಮೀಸೇನೂ ಹಾಕಬಾರದು" ಅಂದೆ.

ಡ್ರಿಲ್ ಮೇಷ್ಟ್ರ ಕೈ ತಾನಾಗಿಯೇ ಮೀಸೆಗೆ ಹೋಯಿತು. ಆದರೂ ಅವರು ಹಟಕ್ಕೆ ಬಿದ್ದು ವಿರುದ್ಧವೇ ಎತ್ತಿದರು, ಹೆಡ್ ಮೇಷ್ಟ್ರೂ ಎತ್ತಿದರು. ನಾವು ಮೂರು, ಅವರು ಎರಡು. ಯಾರ ಓಟಿಗೂ ಸಿಗಬಾರದ್ದು ಒಂದು ಓಟಿನಲ್ಲಿ ಉಳಿದುಕೊಂಡಿತು.

ಹೆಡ್ ಮೇಷ್ಟ್ರಿಗೆ ಒಪ್ಪಿಗೆಯಿರಲಿಲ್ಲ. "ಇವತ್ತಿನ ಬಹುಮತ ನಾಳಿನ ಬಹುಮತದ ಕೈ ಕಟ್ಟೋದು ಸರೀನಾ ಅಮ್ಮ?" ಅಂತ ಕೇಳಿದರು. ಪ್ರಶ್ನೆ ಚೆನ್ನಾಗಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ, ಸೈಕಲ್ಲಿತ್ತು. ಸೋಮವಾರ ಹತ್ತಿಕೊಂಡು ಹೋದೆ. ಗೇಟು ತೆಗೆದವರು ಹೆಡ್ ಮೇಷ್ಟ್ರೇ. ಸೋತ ಓಟಿಗೂ ಅವರು ನಿಯತ್ತಾಗಿ ನಡೆದುಕೊಂಡರು, ಆ ಮಾತು ಹೇಳಲೇಬೇಕು.

ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಲೆಕ್ಕದ ಮೇಷ್ಟ್ರಿಗೆ ತೊಂಡೇಬಾವಿಯ ಕಡೆಗೆ ವರ್ಗವಾಯಿತು. ಈಗ ನಾವು ಎರಡು, ಅವರು ಎರಡು. ಅವರ ಜಾಗಕ್ಕೆ ಶಿಡ್ಲಘಟ್ಟದಿಂದ ಒಬ್ಬ ಯುವಕ ಬಂದ. ಮೊದಲನೇ ದಿನ ಹೆಡ್ ಮೇಷ್ಟ್ರು ಅವನನ್ನು ಕೂರಿಸಿಕೊಂಡು ನೀರು ಕೊಟ್ಟರು, ಡ್ರಿಲ್ ಮೇಷ್ಟ್ರು ಎಲೆ ಅಡಿಕೆ ಮುಂದಿಟ್ಟರು, ಪಂಡಿತರು ಪೇಟ ಸರಿಮಾಡಿಕೊಂಡು ಕುಲಗೋತ್ರ ವಿಚಾರಿಸಿದರು. ನಾನು ಮನೆಯಿಂದ ತಂದಿದ್ದ ಕೋಡುಬಳೆ ಅವನಿಗೇ ಎರಡು ಹೆಚ್ಚಾಗಿ ಕೊಟ್ಟೆ. ಈ ಸ್ಕೂಲಿನಲ್ಲಿ ಹೊಸಬರಿಗೆ ಎಂಥ ಮರ್ಯಾದೆ ಅಂತ ಅವನು ಊರಿಗೆ ಕಾಗದ ಬರೆದನಂತೆ.