ಹಸಿರು ವರದಿಯ ಮುಖಪುಟದಲ್ಲಿದ್ದ ಮಾಲಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಷ್ಟು ತೊಳೆದರೂ ಆ ಸೀಳಿನಲ್ಲಿ ಒಂದು ಗೆರೆ ಕೆಮ್ಮಣ್ಣು ಉಳಿದೇ ಇರುತ್ತಿತ್ತು. ತುಮಕೂರು ರಸ್ತೆಯ ಬಣ್ಣದ ಕಾರ್ಖಾನೆಯೊಂದರಲ್ಲಿ ಅವರು ಮಾಲಿ. ನಾನು ಅದೇ ಕಂಪನಿಯ ಸಮಾಜಸೇವೆಯ 'ಹಸಿರು ವರದಿ' ಬರೆಯುವವಳು. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದೆವು. ಗಿಡಗಳ ವಿಷಯವನ್ನು ಮನೆಮಂದಿಯ ವಿಷಯದಂತೆ ಹೇಳುತ್ತಿದ್ದರು: "ಈ ದಾಸವಾಳಕ್ಕೆ ಸ್ಯಾನೆ ಕೋಪ. ಒತ್ತಿಗೆ ಸರಿಯಾಗಿ ನೀರು ಬಿಡ್ಬೇಕು."

ಪ್ರತಿ ಜೂನ್‌ನಲ್ಲಿ ಕಂಪನಿಯ ಸಾಹೇಬರು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಮ್ಮೆ ತಾತ ನನ್ನ ಪಕ್ಕ ಬಂದು ಮೆಲ್ಲಗೆ, "ಮೇಡಮ್ಮೋರೆ, ಓದ್ ವರ್ಸಾನೂ ಇದೇ ಗುಂಡಿ. ಆ ಸಸಿ ಮೇಲೆ ಲಾರಿ ನಿಲ್ಸಿದ್ರು" ಅಂದರು. ನಾನು ನಕ್ಕುಬಿಟ್ಟೆ. ಆ ವರ್ಷ ವರದಿಯ ಮುಖಪುಟಕ್ಕೆ ಸಸಿ ಹಿಡಿದ ಅವರದೇ ಚಿತ್ರ ಹಾಕಿಸಿದೆ. ಅವರು ಅದಕ್ಕೆ ಕಟ್ಟು ಹಾಕಿಸಿ, ಮಾಕಳಿಯ ಮನೆಯಲ್ಲಿ ದೇವರ ಪಟಗಳ ಪಕ್ಕ ತೂಗುಹಾಕಿದರು. ಕಂಪನಿಯ ಕಣ್ಣಿನ ಶಿಬಿರದಲ್ಲಿ ಅವರ ಹೆಂಡತಿಗೆ ಪೊರೆ ತೆಗೆಸಿದ್ದೂ ಆಗಲೇ. ಪಟ್ಟಿಗೆ ಹೆಸರು ಸೇರಿಸಿದವಳು ನಾನು.

ಮೆಟ್ರೋ ನಾಗಸಂದ್ರಕ್ಕೆ ಬಂದ ಹೊಸತರಲ್ಲಿ ಮಾಕಳಿ ಊರಿನವರು ದೂರು ಕೊಟ್ಟರು: ಕಾರ್ಖಾನೆಯ ಮೋರಿ ನೀರು ಬಾವಿಗಳಿಗೆ ಇಳಿಯುತ್ತಿದೆ ಅಂತ. ಮಾಲಿನ್ಯ ಮಂಡಳಿಯ ಅಧಿಕಾರಿಗಳು ಸಭೆ ಕರೆದರು. ನಮ್ಮ ಮ್ಯಾನೇಜರು ವರದಿಯ ಮುಖಪುಟ ಎತ್ತಿ ತೋರಿಸಿ, "ನೋಡಿ ಸಾರ್, ಆ ಊರಿನವರೇ ನಮ್ಮ ಜೊತೆ ಇದ್ದಾರೆ. ಹೇಳಿ ತಾತ" ಅಂದರು.

ತಾತ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಎದ್ದು ನಿಂತರು. "ಪಟದಾಗಿರೋನು ನಾನೇ ಸ್ವಾಮಿ. ಕೆಟ್ಟೋಗಿರೋ ಬಾವೀನೂ ನಂದೇ" ಅಂದು ಕೂತರು.

ಮುಂದಿನ ತಿಂಗಳು ಗುತ್ತಿಗೆ ಮುಗಿಯಿತೆಂದು ಅವರನ್ನು ಕೆಲಸದಿಂದ ತೆಗೆದರು. ಆ ವರ್ಷದ ವರದಿಯಲ್ಲಿ ಮೋರಿಯ ಬಗ್ಗೆ ನಾನು ಬರೆದಿದ್ದ ಒಂದು ಪ್ಯಾರಾವನ್ನು ಮ್ಯಾನೇಜರು ಹೊಡೆದುಹಾಕಿದರು, ಉಳಿದದ್ದನ್ನು ನಾನು ಅಚ್ಚಿಗೆ ಕಳಿಸಿದೆ. ಆದರೂ ತಡೆಯಲಾರದೆ ಮಾಕಳಿಗೆ ಹೋಗಿ, "ನಾನು ಮಾಡಿದ್ದು ತಪ್ಪಾ ತಾತ?" ಎಂದು ಕೇಳಿದೆ.

"ನಂಗೂ ತಿಳೀತಿಲ್ಲ ಕಣವ್ವಾ. ಇವ್ಳಿಗೆ ಕಣ್ಣು ಬಂದಿದ್ದೂ ನಿಮ್ಮಿಂದಾನೇ, ಬಾವಿ ಓಗಿದ್ದೂ ನಿಮ್ಮಿಂದಾನೇ. ಬಯ್ಯಾನಾ ಅಂದ್ರೆ ಬಾಯೇ ಬರಲ್ಲ."

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬೇರೆ ಕಂಪನಿಯಲ್ಲಿ ಅಂಥದೇ ವರದಿ ಬರೆಯುತ್ತಿದ್ದೆ. ತಿಥಿಗೆ ಹೋದೆ. ಅಷ್ಟು ಜನರ ನಡುವೆ ದೂರದಿಂದಲೇ ನನ್ನ ಗುರುತು ಹಿಡಿದ ಅವರ ಹೆಂಡತಿ ಒಂದು ಲೋಟ ನೀರು ತಂದು ಕೈಗಿಟ್ಟರು. "ಎದರ್ಬ್ಯಾಡಿ, ಕ್ಯಾನ್ ನೀರು" ಅಂದರು.

ಕುಡಿದೆ. ಲೋಟವನ್ನು ನಾನೇ ತೊಳೆದಿಟ್ಟು ಬಂದೆ.