ಚಪ್ಪಲಿ ಕಾಯುತ್ತಿದ್ದ ಹುಡುಗಿ

ನಾನು ಹಂಪಾಪುರದ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಊರವರು ನನಗೆ ಕೊಟ್ಟ ಹೆಸರು ಸಿಡುಕ. ನನಗೆ ನಾನೇ ಕೊಟ್ಟುಕೊಂಡಿದ್ದ ಹೆಸರು ಒಳ್ಳೆಯವನು. ಎರಡನೆಯದು ಹೇಗೆ ಉದುರಿತು ಅಂತ ಹೇಳುತ್ತೇನೆ.

ಒಂದು ವರ್ಷ ಎಂಟನೇ ತರಗತಿಗೆ ಒಬ್ಬಳು ಹುಡುಗಿ ಬಂದಳು. ಹುಟ್ಟಿನಿಂದಲೇ ಬಲಗಾಲು, ಬಲಗೈ ಬಿಗಿ. ಬಲ ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ಆಟದ ಪಿರಿಯಡ್‌ನಲ್ಲಿ ಅವಳನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಎಲ್ಲರ ಚಪ್ಪಲಿ ನೋಡಿಕೋ ಅನ್ನುತ್ತಿದ್ದೆ. ಬಿದ್ದು ಮೂಳೆ ಮುರಿದುಕೊಂಡರೆ ಯಾರಿಗೆ ಬೇಕು? ಖುಷಿಯಾಗಲಿ ಅಂತ ಒಮ್ಮೊಮ್ಮೆ ನನ್ನ ವಿಷಲ್ಲನ್ನೂ ಕೊಡುತ್ತಿದ್ದೆ. ಎಂಥ ಕರುಣೆ ನನ್ನದು ಅಂತ ಒಳಗೊಳಗೇ ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ತಾಯಿ ಬಂದರು. ವಾರಕ್ಕೊಂದು ದಿನ ಮಗಳನ್ನು ಬಸ್ಸಿನಲ್ಲಿ ನಮ್ಮ ತಾಲ್ಲೂಕು ಊರಾದ ಕೋಟೆಗೆ ಕರೆದೊಯ್ದು ಫಿಜಿಯೋಥೆರಪಿ ಮಾಡಿಸಿಕೊಂಡು ಬರುತ್ತಿದ್ದ ಹೆಂಗಸು. ಬಸ್ಸಿನ ಮೆಟ್ಟಿಲು ಎತ್ತರ. ಅಷ್ಟು ದೊಡ್ಡ ಮಗಳನ್ನು ಎತ್ತಿಯೇ ಹತ್ತಿಸಬೇಕಿತ್ತು.

"ಡಾಕ್ಟ್ರಮ್ಮ ಬೈದ್ರು ಕಣ್ರೀ ಮೇಷ್ಟ್ರೇ. ಕಾಲು ಬಿಗೀತಾನೇ ಅದಂತೆ. ಮನೇಲಿ ಮಾಡ್ಸೋ ಎಕ್ಸರ್ಸೈಜ್ ಜೊತೆಗೆ ಆಟಾನೂ ಆಡ್ಬೇಕಂತೆ. ನನ್ ಸೊಂಟನೂ ಬಿದ್ದೋಯ್ತು. ನಾನು ಎತ್ತಕ್ಕಾಗಲ್ಲ ಅಂದ್ರೆ ಇವ್ಳು ಕೋಟೆ ಕಾಲೇಜ್ಗೆ ಎಂಗೋಯ್ತಾಳೆ? ಇವ್ರಪ್ಪ ಅಂತೂ ಹತ್ನೇ ಕ್ಲಾಸ್ಗೆ ಸಾಕು ಬುಡು ಅಂತವ್ರೆ."

ನನಗೆ ಸಿಟ್ಟು ಬಂತು. "ಬಿದ್ರೆ ನೀವೇ ಬಂದು ಜಗಳ ಆಡಲ್ವೇನಮ್ಮ?"

"ಬಿದ್ರೆ ಎದ್ದೇಳ್ತಾಳೆ. ಕೂತೇ ಇದ್ರೆ ಯಾವಾಗ್ರೀ ಏಳೋದು?" ಅಂದರು. ಅವತ್ತಿನ ಆಟದ ಹೊತ್ತಿಗೆ ಹುಡುಗಿಯನ್ನು ಮರದ ಕೆಳಗಿಂದ ಎಬ್ಬಿಸಿ ಕರೆತಂದೆ.

ಹುಡುಗಿಯರು ಆಗ ಖೋಖೋ ಆಡುತ್ತಿದ್ದರು. ನಮ್ಮ ಕಡೆಯ ಮಕ್ಕಳಲ್ಲಿ ಒಂದು ಪದ್ಧತಿಯಿದೆ. ಮನೆಯ ಚಿಕ್ಕ ತಮ್ಮನೋ ತಂಗಿಯೋ ಹಟ ಹಿಡಿದರೆ ಆಟಕ್ಕೆ ಸೇರಿಸಿಕೊಳ್ಳುತ್ತಾರೆ, ಆದರೆ ಅವರು ಔಟಾದರೂ, ಬೇರೆಯವರನ್ನು ಔಟ್ ಮಾಡಿದರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವಳನ್ನೂ ಹಾಗೆಯೇ ಸೇರಿಸಿಕೊಂಡರು. ನಾನೂ ಹೂಂ ಅಂದೆ.

ಮೊದಲ ದಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಹೋಗಿ ಪಕ್ಕಕ್ಕೆ ಉರುಳಿದಳು. ಮಂಡಿ ತರಚಿತು. ನಾನು ಎತ್ತಲು ಓಡಿದೆ. ಅವಳು ಮಣ್ಣು ಕೊಡವಿಕೊಂಡು ಮತ್ತೆ ಕೂತಳು. ಬೆನ್ನ ಹಿಂದೆ 'ಖೋ' ಅಂದ ಕೂಡಲೇ ಏಳುವುದು, ಓಡುವುದು, ಮತ್ತೆ ಕೂರುವುದು. ಮನೆಯಲ್ಲಿ ತಾಯಿ ಕಾಲು ಹಿಡಿದು ಚಾಚಿಸಿದರೆ ಅಳುತ್ತಿದ್ದವಳು ಇಲ್ಲಿ ಎಷ್ಟು ಸಲ ಎದ್ದು ಕೂತಳೋ ಅವಳಿಗೇ ಗೊತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ತಾಯಿ ಸಿಕ್ಕಿ, "ಈಗ ಎರಡ್ನೇ ಮುದ್ದೆ ಕೇಳ್ತಾಳೆ ಕಣ್ರೀ, ಒಳ್ಳೆ ನಿದ್ದೆನೂ ಮಾಡ್ತಾಳೆ" ಅಂದರು.

ಮಳೆಗಾಲ ಕಳೆದ ಮೇಲೆ ಒಂದು ದಿನ, ತರಗತಿಯಲ್ಲೇ ಚುರುಕಾದ ಹುಡುಗಿಯನ್ನು ಇವಳು ಕಂಬದ ಹತ್ತಿರ ಮುಟ್ಟಿಬಿಟ್ಟಳು.

"ನೀನು ಮುಟ್ಟಿದ್ರೆ ಲೆಕ್ಕ ಇಲ್ಲ," ಅಂದಳು ಆ ಹುಡುಗಿ.

"ಯಾಕ್ ಕಣೇ ಇಲ್ಲ?" ಇವಳು ಕಿರುಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಸಾ, ನಾನು ಔಟಾದ್ರೂ ಲೆಕ್ಕ ಇಡಿ. ಇನ್ಮೇಲೆ ಅಂಗೆಲ್ಲ ಬ್ಯಾಡ" ಅಂದಳು.

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ನೋಡುತ್ತಿದ್ದುದು ಅವಳ ಪಾದವನ್ನು. ಜಗಳಕ್ಕೆ ನಿಂತ ಭರದಲ್ಲಿ ಬಲ ಹಿಮ್ಮಡಿ ನೆಲಕ್ಕೆ ಊರಿತ್ತು. ಎಷ್ಟೋ ಮಕ್ಕಳ ಓಟ ನೋಡಿದ್ದೇನೆ, ಕಪ್ ಗೆದ್ದು ತಂದವರನ್ನೂ ನೋಡಿದ್ದೇನೆ. ಯಾವುದಕ್ಕೂ ಹೀಗೆ ಮೈ ಜುಮ್ಮೆಂದಿರಲಿಲ್ಲ. ವಿಷಲ್ ಊದಿ "ಔಟ್" ಅಂದೆ. ಮುಂದಿನ ಸರದಿಯಲ್ಲಿ ಅವಳೇ ಮೊದಲು ಔಟಾದಳು. ಅದನ್ನೂ ಲೆಕ್ಕ ಹಿಡಿದೆ. ನಗುತ್ತಲೇ ಹೊರಗೆ ಬಂದಳು.

ಈ ವರ್ಷ ಅವಳು ಹತ್ತನೇ ತರಗತಿ ಪಾಸಾದಳು. ಕಾಲು ಪೂರ್ತಿ ಸರಿಹೋಗಿಲ್ಲ, ಹೋಗುವುದೂ ಇಲ್ಲವಂತೆ. ಈಗಲೂ ಕುಂಟುತ್ತಾಳೆ. ಕಾಲೇಜು ವಿಚಾರಿಸಿಕೊಂಡು ಬರಲು ತಾಯಿ ಮಗಳು ಕೋಟೆಗೆ ಹೊರಟ ದಿನ ನಾನೂ ಅದೇ ದಾರಿಯ ಹ್ಯಾಂಡ್‌ಪೋಸ್ಟ್‌ವರೆಗೆ ಹೋಗಬೇಕಿತ್ತು. ತಂದೆಯೂ ಸ್ಟಾಪಿಗೆ ಬಂದಿದ್ದರು. "ದಿನಾ ಎತ್ತೋರು ಯಾರು?" ಅಂತ ಅಲ್ಲೂ ಗೊಣಗುತ್ತಿದ್ದರು.

ಬಸ್ಸು ಬಂತು. ಅಷ್ಟು ಧೈರ್ಯವಾಗಿ ಮಗಳನ್ನು ಆಟಕ್ಕೆ ಬಿಟ್ಟ ತಾಯಿಯೂ ಬಸ್ಸಿನ ಹತ್ತಿರ ಎತ್ತುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸೆರಗು ಸಿಕ್ಕಿಸಿ ಬಗ್ಗಿದರು. ಹಾಳು ಬುದ್ಧಿ, ನಾನೂ ಕೈ ಚಾಚಿದೆ. ಹುಡುಗಿ ನಮ್ಮಿಬ್ಬರನ್ನೂ ದಾಟಿ, ಎಡಗೈಯಲ್ಲಿ ಕಂಬಿ ಹಿಡಿದು, ಎಡಗಾಲಿಟ್ಟು, ಬಲಗಾಲನ್ನು ಎಳೆದುಕೊಂಡು ಮೇಲೆ ಹತ್ತಿದಳು.

ತಂದೆ ಮುಂದೆ ಬಂದು ಅಂಕಪಟ್ಟಿಯ ಕವರನ್ನು ಅವಳತ್ತ ನೀಡಿದರು. ಅವಳು ಅದನ್ನು ಬಲಗೈಯ ಕಂಕುಳಿಗೆ ಸಿಕ್ಕಿಸಿಕೊಂಡು, ಕಂಬಿಗೆ ಒರಗಿ ನಿಂತು, ಎಡಗೈಯನ್ನು ಕೆಳಗೆ ಚಾಚಿದಳು.

"ಬಾವ್ವ, ನಿನ್ ಸೊಂಟ ನೋಯ್ತದೆ. ನನ್ ಕೈ ಇಡ್ಕೊ."