ಹಂಪಸಾಗರದವರೆಗಿನ ಮಾಲೆ

ಆ ದಿನ ಓಣಿಯ ಆ ತುದಿಯಲ್ಲಿ ಹಲಗೆ ಬಡಿಯುವ ಸದ್ದು ಕೇಳಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ತಂಗಿಯನ್ನು ಒಳಗೆ ನೂಕಿದ್ದು.

ಹಡಗಲಿಯ ಹೊರಗೆ ನಮ್ಮದೊಂದು ಸಣ್ಣ ಮಲ್ಲಿಗೆ ತೋಟ. ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕು, ಬಿಡಿಸಿದ್ದನ್ನು ಕಟ್ಟಬೇಕು, ಕಟ್ಟಿದ್ದು ಬಾಡುವ ಮೊದಲೇ ಮಾರಬೇಕು. ತೋಟ ಅವ್ವನದು, ಮಾರುವುದು ನನ್ನದು. ತಂಗಿ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆ ಬಿಡಿಸಿ ಹೂ ಕಟ್ಟಲು ಕೂರಿಸಿದವಳು ನಾನು. ಅವ್ವ ಹಿಂದೆಮುಂದೆ ನೋಡಿದಳು. "ಓದಿ ಅಕಿ ಏನು ಡಿಸಿ ಆಗ್ತಾಳೇನು?" ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ.

ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು, ಹಲಗೆ ಬಡಿಯುತ್ತ ಓಣಿ ಓಣಿ ತಿರುಗುವ ಹಲಗೆಯವರು ಬರುತ್ತಾರೆಂದು ಸುದ್ದಿ ಇತ್ತು. ಮುಂದೆ ಒಬ್ಬರು ವಯಸ್ಸಾದ ಟೀಚರಮ್ಮ, ರಿಟೈರ್ ಆದವರು. ಹಿಂದೆ ಹೈಸ್ಕೂಲು ಹುಡುಗಿಯರು. ಪ್ರತಿ ಮನೆಯ ಮುಂದೆ ನಿಂತು, ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಕ್ಲಾಸು ಎಂದು ಕೇಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತೆ.

"ನಿನ್ನ ತಂಗಿ ಎಲ್ಲಿ ಅದಾಳವಾ?" ಟೀಚರ್ ಕೈಯಲ್ಲಿದ್ದ ಪಟ್ಟಿ ನೋಡಿ ಕೇಳಿದರು.

"ಇಲ್ಲಿಲ್ರಿ. ಹಂಪಸಾಗರದಾಗ ನಮ್ಮತ್ತಿ ಮನ್ಯಾಗ ಅದಾಳ. ಅಲ್ಲೇ ಸಾಲಿಗೆ ಹೊಕ್ಕಾಳ್ರಿ."

ಹಂಪಸಾಗರದಲ್ಲಿ ಅತ್ತೆ ಇದ್ದದ್ದು ನಿಜ. ಅದೊಂದೇ ನಿಜ.

ಹೂ ಕಟ್ಟುವಾಗ ದಾರವನ್ನು ಕಾಲಿನ ಹೆಬ್ಬೆರಳಿಗೆ ಬಿಗಿದುಕೊಳ್ಳುತ್ತೇವೆ. ಕಟ್ಟಿದಷ್ಟು ಮಾಲೆ ಪಕ್ಕದ ಬುಟ್ಟಿಯಲ್ಲಿ ಸುತ್ತಿಕೊಳ್ಳುತ್ತ ಹೋಗುತ್ತದೆ. ನಾನು ಅವಸರದಲ್ಲಿ ತಂಗಿಯನ್ನು ಮೊಗ್ಗಿನ ಮೊರದ ಸಮೇತ ಒಳಗೆ ಕಳಿಸಿ ಪರದೆ ಎಳೆದಿದ್ದೆ. ದಾರ ಅವಳ ಹೆಬ್ಬೆರಳಲ್ಲೇ ಇತ್ತು, ಬುಟ್ಟಿ ಕಟ್ಟೆಯ ಮೇಲೇ ಉಳಿದಿತ್ತು. ಅದರಿಂದ ಹೊರಟ ಮಾಲೆ ನನ್ನ ಕಾಲ ಪಕ್ಕದಲ್ಲೇ ಹಾದು ಪರದೆಯ ಕೆಳಗೆ ಹೋಗಿತ್ತು. ನಾನು ನೋಡಿರಲಿಲ್ಲ. ನೋಡಿದ್ದು, ಅದು ಅಲ್ಲಾಡಿದಾಗ. ಒಂದು ಗೇಣು ಮಾಲೆ ಸರಕ್ಕನೆ ಒಳಗೆ ಸರಿಯಿತು.

ಟೀಚರ್ ಬುಟ್ಟಿ ನೋಡಿದರು, ಹಿಟ್ಟು ಮೆತ್ತಿದ ನನ್ನ ಕೈ ನೋಡಿದರು. ಆಮೇಲೆ ಪರದೆ.

"ಹಂಪಸಾಗರದ ಮಾಲಿ ಭಾಳ ಉದ್ದ ಐತಿ ಬಿಡವಾ. ಇಲ್ಲೀತನಕ ಬಂದೈತಿ."

ಹುಡುಗಿಯರು ಕಿಸಕ್ಕೆಂದರು. ಟೀಚರ್ ಪರದೆ ಎತ್ತಲಿಲ್ಲ, ನನ್ನನ್ನು ಬೈಯಲಿಲ್ಲ. ಒಂದು ಮೊಳ ಹೂ ಕೊಂಡು ಮುಡಿದುಕೊಂಡು ಹೋದರು.

ಮರುದಿನ ಇಬ್ಬನಿ ಆರುವ ಮೊದಲೇ ಟೀಚರ್ ನಮ್ಮ ತೋಟದಲ್ಲಿ ಇದ್ದರು. ಜೊತೆಗೆ ಅದೇ ಹುಡುಗಿಯರು. ಸೆರಗು ಸಿಕ್ಕಿಸಿಕೊಂಡು ಮೊಗ್ಗು ಬಿಡಿಸಲು ನಿಂತೇಬಿಟ್ಟರು. ಅವ್ವ ಗಾಬರಿಯಾದಳು. ತಂಗಿ ಮಾತ್ರ ಅವರ ಕೈಯನ್ನೇ ನೋಡುತ್ತಿದ್ದಳು.

"ಟೀಚರ್ರೀ, ಅರಳಿದ್ದು ಯಾಕ ಕಿತ್ತಿರಿ? ಅದನ್ನ ಯಾರೂ ಕೇಳಂಗಿಲ್ಲ."

"ನಿನ್ನ ಸಾಲ್ಯಾಗ ನಾನಿನ್ನೂ ಒಂದನೇ ಕ್ಲಾಸು, ತಾಯಿ. ಹೊಡೀಬ್ಯಾಡ."

ತಂಗಿ ನಕ್ಕಳು. ಶಾಲೆ ಬಿಟ್ಟ ಎರಡು ವರ್ಷದಲ್ಲಿ ಅವಳು ಹಾಗೆ ಬಾಯಿ ಬಿಟ್ಟು ನಕ್ಕದ್ದು ನನಗೆ ನೆನಪಿಲ್ಲ. ಟೀಚರ್ ಓದಿನ ದೊಡ್ಡ ಮಾತು ಒಂದೂ ಆಡಲಿಲ್ಲ. ಅವ್ವನನ್ನು ಕೇಳಿದ್ದು ಇಷ್ಟೇ: "ಸಾಲಿ ಗಂಟಿ ಹೊಡಿಯೋದ್ರೊಳಗ ಈಕಿನ್ನ ಬಿಡಬೇಕಂದ್ರ ಎಷ್ಟು ಕೈ ಬೇಕವಾ?"

ಆ ಸುಗ್ಗಿ ಮುಗಿಯುವವರೆಗೂ ಬಂದರು. ಬೇರೆಯವರ ಮಗಳಿಗಾಗಿ ಸೊಂಟ ಬಗ್ಗಿಸಿ, ಒದ್ದೆ ಮಣ್ಣಿನಲ್ಲಿ ನಿಲ್ಲುವ ಮನುಷ್ಯರು ಇರುತ್ತಾರೆಂದು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ತಂಗಿ ತನಗಿಂತ ಸಣ್ಣ ಮಕ್ಕಳ ಜೊತೆ ಏಳನೇ ಕ್ಲಾಸಿನಲ್ಲಿ ಕೂತಳು. ಬೆಂಚಿಗೆ ಅವಳ ಮೊಣಕಾಲು ತಾಗುತ್ತಿತ್ತು. "ಅಜ್ಜಿ" ಎಂದು ಮಕ್ಕಳು ಕರೆದರೆ "ಏನ್ರೋ ಮೊಮ್ಮಕ್ಕಳಾ" ಎನ್ನುತ್ತಿದ್ದಳಂತೆ. ಹೂ ಕಟ್ಟುವುದು ನನ್ನ ಪಾಲಿಗೆ ಬಂತು.

ಇನ್ನು ಯಾರಿಗೂ ಹೇಳದ ಮಾತು. ತಂಗಿಯನ್ನು ಶಾಲೆ ಬಿಡಿಸಿದ್ದು ಕೆಲಸಕ್ಕೆ ಕೈ ಬೇಕಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜವೇ, ಆದರೆ ಪೂರ್ತಿ ನಿಜವಲ್ಲ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರು. ಅವಳನ್ನು ಬಿಡಿಸುವ ಮೊದಲು, ಸಂಜೆ ತಂಗಿ ಕಟ್ಟೆಯ ಮೇಲೆ ಕೂತು ಜೋರಾಗಿ ಪಾಠ ಓದುತ್ತಿದ್ದಳು. ಆ ದನಿ ಕೇಳಿದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಅದು ನಿಲ್ಲಲಿ ಅನಿಸುತ್ತಿತ್ತು. ನಿಲ್ಲಿಸಿದೆ.

ಈಗ ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ರಜೆ ಬಂದರೆ ಹಲಗೆಯವರ ಜೊತೆ ಕೂಡ್ಲಿಗಿ, ಕೊಟ್ಟೂರು ಕಡೆಯ ಹಳ್ಳಿಗಳಿಗೆ ಹೋಗುತ್ತಾಳೆ. ಮೊನ್ನೆ ಸಂಜೆ ಹಾಗೆ ಹೋಗಿ ಬಂದವಳು, ನಾನು ಹೂ ಕಟ್ಟುತ್ತಿದ್ದಲ್ಲಿ ಬಂದು ಕೂತಳು.

"ಇವತ್ತು ಕೊಟ್ಟೂರು ಕಡೆ ಒಬ್ಬ ಅಣ್ಣ, ತಂಗಿ ಹರಪನಹಳ್ಳ್ಯಾಗ ಅತ್ತಿ ಮನಿಗೆ ಹೋಗ್ಯಾಳ ಅಂದ. ಅತ್ತಿ ಇಲ್ಲದ ಮನಿನೇ ಇಲ್ಲ ನೋಡಕ್ಕಾ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕೈ ನಿಂತಿತು.

"ನಿನ್ನ ನಾನು ಹೂವಿನ ಸಲುವಾಗಿ ಬಿಡಿಸಿಲ್ಲ," ಎಂದೆ. "ನೀ ಓದೋದು ನೋಡಾಕ ಆಗ್ತಿರಲಿಲ್ಲ ನನಗ. ಹೊಟ್ಟಿ ಉರೀತಿತ್ತು."

ಅವಳು ಮೊರದಿಂದ ಒಂದು ಮೊಗ್ಗು ತೆಗೆದು ಅದರ ತೊಟ್ಟು ಮುರಿದಳು.

"ಅದು ನನಗ ಗೊತ್ತಿರಲಿಲ್ಲ," ಎಂದಳು.

ಆ ಮಾತು ನನಗೆ ನಾಟಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ.

"ನಿನಗೂ ಒಂದು ಗೊತ್ತಿಲ್ಲ. ಆ ದಿನ ಮಾಲಿ ತಾನಾಗೇ ಸರೀಲಿಲ್ಲ. ನಾನೇ ಎಳದೆ, ಕಾಲಾಗ."

ನಾನು ಅವಳ ಮುಖವನ್ನೇ ನೋಡಿದೆ.

"ಹೊರಗ ಬಂದಿದ್ರ ಎಲ್ಲಾರ ಮುಂದ ನಿನ್ನ ಮಾನ ಹೋಗ್ತಿತ್ತು. ಸುಮ್ಮನ ಕುಂತ್ರ ಅವರು ಹೊಂಟು ಹೋಗ್ತಿದ್ರು. ಏನು ಮಾಡಬೇಕಿತ್ತು ಹೇಳು?"

ಪರದೆಯ ಹಿಂದೆ, ಮಡಿಲಲ್ಲಿ ಮೊಗ್ಗಿನ ಮೊರ ಇಟ್ಟುಕೊಂಡು ಕೂತ ಆ ಸಣ್ಣ ಹುಡುಗಿ ಅಷ್ಟು ಹೊತ್ತಿನಲ್ಲಿ ಅದನ್ನೆಲ್ಲ ಯೋಚಿಸಿದ್ದಳು. ನನ್ನನ್ನೂ ಸೇರಿಸಿ ಯೋಚಿಸಿದ್ದಳು. ಇಷ್ಟು ವರ್ಷ ಅದು ನನ್ನ ಅವಸರದ ತಪ್ಪು, ನನ್ನ ದುರದೃಷ್ಟ ಎಂದು ತಿಳಿದಿದ್ದೆ.

"ಆ ಕೊಟ್ಟೂರು ಹುಡುಗಿ?" ಎಂದು ಕೊನೆಗೆ ಕೇಳಿದೆ.

"ಒಳಗೇ ಅದಾಳ. ಕಟ್ಟಿ ಮ್ಯಾಲೆ ಅರ್ಧ ಬಿಡಿಸಿದ ಹುಣಸಿಹಣ್ಣು ಇತ್ತು. ನಾಳೆ ಮತ್ತ ಹೋಗ್ತೀನಿ." ನನ್ನ ಕಡೆ ತಿರುಗಿ, "ನೀನೂ ಬಾ," ಎಂದಳು. "ನಾನು ಹೇಳಿದ್ರ ಅಂವ ಕೇಳಂಗಿಲ್ಲ. ಅಂವನಂಗ ಬಾಗಲಾಗ ಅಡ್ಡ ನಿಂತಾಕಿ ನೀನು."

ಹೆಬ್ಬೆರಳಿನಿಂದ ದಾರ ಬಿಚ್ಚಿ, ಒಳಗಿದ್ದ ಅವ್ವನನ್ನು ಕರೆದು ಅವಳ ಕೈಗೆ ಕೊಟ್ಟೆ. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಕೊಟ್ಟೂರಿಗೆ ಹೊರಟೆವು.